ಬಾಳಂತಿಗೆ ಸಬ್ಬಸಿಗೆ, ಹಸುಗೂಸಿಗೆ ಎದೆಹಾಲು

ರೋಣ, ನರಗುಂದ, ಗಜೇಂದ್ರಗಡ ಭಾಗದ ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಸಬ್ಬಸಿಗೆ ಪಲ್ಯವು ಪರಿಚಿತ ಆಹಾರ. ಬಾಳಂತಿಗೆ ಈ ಸೊಪ್ಪನ್ನು ಉಣಿಸುವುದೂ, ಊಟದ ನಂತರ ಇದರ ಬೀಜವನ್ನು ಅಗಿಯಲು ಕೊಡುವುದೂ ಹಿರಿಯರಿಂದ ಬಂದ ರೂಢಿ. ಈ ರೂಢಿಯಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ಪತಿಪತ್ನಿಯರಿಬ್ಬರೂ ಅರಿತಿರಬೇಕು.

ತಾಯಿಗೆ ಉಪಯೋಗ

ಸಬ್ಬಸಿಗೆ ಬೀಜದಲ್ಲಿ ಕಾರ್ವೋನ್ ಎಂಬ ಅಂಶವುಳ್ಳ ಸುವಾಸನೆಯ ಎಣ್ಣೆಯಿದೆ. ಹೊಟ್ಟೆಯುಬ್ಬರ, ಅಜೀರ್ಣಗಳ ಶಮನಕ್ಕೆ ಇದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಒಂದು ಚಹಾ ಚಮಚ ಬೀಜವನ್ನು ಜಜ್ಜಿ, ಒಂದು ಬಟ್ಟಲು ಕುದಿಯುವ ನೀರಿಗೆ ಹಾಕಿ, ಹತ್ತು ನಿಮಿಷ ಮುಚ್ಚಿಟ್ಟು ಸೋಸಿ ದೊಡ್ಡವರು ಕುಡಿಯಬಹುದು. ಗರ್ಭಿಣಿಯರು ಪಲ್ಯವನ್ನು ಉಣ್ಣಬಹುದು. ಕಷಾಯವನ್ನು ವೈದ್ಯರನ್ನು ಕೇಳದೆ ಕುಡಿಯಬಾರದು.

ಸಬ್ಬಸಿಗೆಯಿಂದ ಎದೆಹಾಲು ಹೆಚ್ಚುವುದೆಂಬ ನಂಬಿಕೆ ದೃಢಪಟ್ಟಿಲ್ಲ. ಕೂಸು ಪದೇ ಪದೇ ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಸೊಪ್ಪನ್ನು ಉಂಡರೂ ಕಬ್ಬಿಣಾಂಶದ ಗುಳಿಗೆಗಳನ್ನು ಹೆರಿಗೆಯ ನಂತರ ಆರು ತಿಂಗಳು ತಪ್ಪದೆ ಸೇವಿಸಬೇಕು.

ಕೂಸಿಗೆ ಬೇಡ

1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರ್‌ನಲ್ಲಿ ಸಬ್ಬಸಿಗೆ ಎಣ್ಣೆಯೊಡನೆ ಮದ್ಯಸಾರವೂ ಇದ್ದಿತು. ಇಂದಿನ ತಯಾರಿಕೆಗಳಲ್ಲಿ ಮದ್ಯಸಾರವಿಲ್ಲದಿದ್ದರೂ, ಆರು ತಿಂಗಳವರೆಗೆ ಕೂಸಿಗೆ ಎದೆಹಾಲಿನ ಹೊರತು ಕಷಾಯ, ಗುಟ್ಟಿ, ನೀರು ಯಾವುದೂ ಬೇಡ. ವೈದ್ಯರು ಹೇಳಿದ ಔಷಧಿ ಮಾತ್ರ ಸಲ್ಲುತ್ತದೆ.

ಎರಡು ತಿಂಗಳ ಕೂಸೊಂದಕ್ಕೆ ಭೇದಿಯಾದಾಗ, ಮನೆಯವರು ಎದೆಹಾಲು ನಿಲ್ಲಿಸಿ ಎರಡು ದಿನ ಕಷಾಯ ಕುಡಿಸಿದ್ದರು. ನಮ್ಮಲ್ಲಿಗೆ ತಂದಾಗ ನೆತ್ತಿ ಕುಳಿಬಿದ್ದು, ಅಳುವ ಶಕ್ತಿಯೂ ಉಳಿದಿರಲಿಲ್ಲ. ರಕ್ತನಾಳದ ಮೂಲಕ ದ್ರವ ಕೊಟ್ಟ ಮೇಲೆ ಚೇತರಿಸಿಕೊಂಡಿತು. ಇನ್ನೂ ತಡವಾಗಿದ್ದರೆ ಬದುಕುವುದು ಕಷ್ಟವಿತ್ತು.

ಮಾಡಬೇಕಾದುದು

1. ಹಾಲು ಕುಡಿಸಿದ ನಂತರ ಕೂಸನ್ನು ಹೆಗಲಿಗೊರಗಿಸಿ, ಬೆನ್ನು ತಟ್ಟಿ ತೇಗು ಬರಿಸಿರಿ. ಆರೋಗ್ಯವಂತ ಕೂಸಿನ ಸಂಜೆಯ ಅಳು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ತಾನಾಗಿ ಕಡಿಮೆಯಾಗುತ್ತದೆ.
2. ಭೇದಿಯಾದರೆ ಎದೆಹಾಲನ್ನು ನಿಲ್ಲಿಸದೆ ಇನ್ನೂ ಹೆಚ್ಚು ಸಲ ಕುಡಿಸಿರಿ. ಓ.ಆರ್.ಎಸ್. ಕೊಡುವ ರೀತಿಯನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. ಎರಡು ತಿಂಗಳೊಳಗಿನ ಕೂಸಾದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.
3. ಕೂಸು ಹಾಲು ಬಿಟ್ಟರೆ, ಜ್ವರ ಬಂದರೆ, ವೇಗವಾಗಿ ಉಸಿರಾಡಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ತನ್ನಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಿರಿ.

ಹೊಲದ ಕೆಲಸ ಮುಗಿಯಲೆಂದು ತಂದೆ ಕಾಯಬಾರದು. ಹಿರಿಯರು ಏನೆಂದಾರೋ ಎಂದು ತಾಯಿ ಅಂಜಬಾರದು. ಸಬ್ಬಸಿಗೆಯು ತಾಯಿಯ ತಟ್ಟೆಯಲ್ಲಿರಲಿ. ಕೂಸಿಗೆ ಅವಳ ಹಾಲೇ ಸಾಕು.