ಬೆಲೆ ಕೇಳದ ಪಾಠಗಳು

ತಿಪಟೂರಿನ ಕೊಬ್ಬರಿ ದರವನ್ನು ತಿಳಿಯಲು ಈಗ ಮಾರುಕಟ್ಟೆಗೆ ಹೋಗಬೇಕಾಗಿಲ್ಲ; ಕಿಸೆಯಲ್ಲಿರುವ ಮೊಬೈಲೇ ಹೇಳುತ್ತದೆ. ಅದೇ ಮೊಬೈಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಪಾಠವೂ ಉಚಿತವಾಗಿ ಸಿಗುತ್ತದೆಂಬುದು ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಎಷ್ಟು ಮನೆಗಳಿಗೆ ಗೊತ್ತು?

2001ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯು ತನ್ನ ತರಗತಿಗಳ ಪಾಠಸಾಮಗ್ರಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸುವುದಾಗಿ ಪ್ರಕಟಿಸಿತು. ನಮ್ಮಲ್ಲಿ ಐ.ಐ.ಟಿ.ಗಳೂ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಸರಕಾರದ ಹಣದಿಂದ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯನ್ನು ಆರಂಭಿಸಿದವು. ಅದರ ಕೆಲವು ಪಾಠಗಳಿಗೆ ಕನ್ನಡ ಅನುವಾದವೂ ಇದೆ. ಇಗ್ನೋ ವಿಶ್ವವಿದ್ಯಾಲಯದ ಪಠ್ಯಗಳು ‘ಇ-ಜ್ಞಾನಕೋಶ’ದಲ್ಲಿವೆ. 2017ರಲ್ಲಿ ಕೇಂದ್ರದ ‘ಸ್ವಯಂ’ ಬಂತು.

ವಕ್ಫ್ ಎಂದರೇನೆಂದು ಬಲ್ಲ ನಮಗೆ ಇದು ತೀರಾ ಹೊಸದಲ್ಲ. ವಕ್ಫ್ ಆದ ತೋಟವನ್ನು ಮಾರುವಂತಿಲ್ಲ, ಫಲವನ್ನು ಹಂಚಬೇಕು. ಆದರೆ ಒಬ್ಬನಿಗೆ ಕೊಟ್ಟ ತೆಂಗಿನಕಾಯಿ ಇನ್ನೊಬ್ಬನಿಗೆ ಸಿಗದು. ಪಾಠ ಹಾಗಲ್ಲ, ಎಷ್ಟು ಮಂದಿ ಪಡೆದರೂ ಮುಗಿಯದು. ಮನುಷ್ಯನ ಮರಣಾನಂತರವೂ ಪ್ರತಿಫಲ ನಿಲ್ಲದ ಮೂರು ಕರ್ಮಗಳಲ್ಲಿ ಪ್ರಯೋಜನಕಾರಿ ಜ್ಞಾನವೂ ಒಂದೆಂದು ಪ್ರವಾದಿವರ್ಯರು(ಸ) ಕಲಿಸಿರುವರು.

ಇಲ್ಲಿ ಒಂದು ವಿಷಯವನ್ನು ಬಿಚ್ಚಿ ಹೇಳಲೇಬೇಕು. “ಎಲ್ಲವೂ ಮೊಬೈಲಿನಲ್ಲೇ ಸಿಗುವುದಾದರೆ ಮಗಳನ್ನು ಬಸ್ಸು ಹತ್ತಿಸಿ ತಿಪಟೂರಿನ ಕಾಲೇಜಿಗೆ ಕಳಿಸುವುದೇಕೆ?” ಎಂದು ಪಿ.ಯು.ಸಿ. ಮುಗಿದೊಡನೆ ಕೇಳುವ ತಂದೆಯರಿದ್ದಾರೆ. (ಮಗನ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲವೆಂಬುದನ್ನೂ ಗಮನಿಸಿರಿ.) ಈ ವಾದ ನಿಲ್ಲುವುದಿಲ್ಲ. ಎಂ.ಐ.ಟಿ.ಯ ಆ ಸಾಮಗ್ರಿಯನ್ನು ಪೂರ್ತಿ ಓದಿದರೂ ಪದವಿಯಾಗಲಿ ಪ್ರಮಾಣಪತ್ರವಾಗಲಿ ಸಿಗದು. ಸ್ವಯಂನಲ್ಲಿ ಕಲಿಕೆ ಉಚಿತ. ಪ್ರಮಾಣಪತ್ರ ಬೇಕಾದವರು ಪರೀಕ್ಷೆ ಬರೆಯಬೇಕು, ಅದಕ್ಕೆ ಸಾಮಾನ್ಯವಾಗಿ ಶುಲ್ಕವಿದೆ. ಯು.ಜಿ.ಸಿ.ಯ 2021ರ ನಿಯಮವು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರಷ್ಟನ್ನು ಸ್ವಯಂ ಮೂಲಕ ಕಲಿಯಲು ಅವಕಾಶ ನೀಡಿತು. ಆದರೆ ಆ ಅಂಕಗಳು ಜಮೆಯಾಗುವುದು ಕಾಲೇಜಿಗೆ ದಾಖಲಾದವಳ ಲೆಕ್ಕಕ್ಕೆ. ಮನೆಯಲ್ಲಿ ಕುಳ್ಳಿರಿಸಿದ ಮಗಳಿಗೆ ಆ ಲೆಕ್ಕವೇ ಇರುವುದಿಲ್ಲ. ಹಳ್ಳಿಯ ಕಾಲೇಜಿನಲ್ಲಿ ಅರ್ಥವಾಗದ ಗಣಿತವನ್ನು ಸಂಜೆ ಮತ್ತೊಬ್ಬ ಗುರುವಿನಿಂದ ಕೇಳಿ, ಮರುದಿನ ತರಗತಿಯಲ್ಲಿ ಧೈರ್ಯದಿಂದ ಪ್ರಶ್ನೆ ಕೇಳುವ ವಿದ್ಯಾರ್ಥಿನಿಗೆ ಈ ಪಾಠಗಳ ನಿಜವಾದ ಉಪಯೋಗವಿದೆ.

ಡೌನ್‌ಲೋಡ್ ಮಾಡಿಕೊಂಡರೆ ಸಿಗ್ನಲ್ ಇಲ್ಲದ ತೋಟದ ಮನೆಯಲ್ಲೂ ಕೇಳಬಹುದು. ಹಾಗೆಂದು ತುಂಬಿಸಿಟ್ಟದ್ದೇ ಓದಲ್ಲ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನೂ ಯಾರಾದರೂ ಕುಳಿತು ಸುಲಿಯಬೇಕು. ಆದ್ದರಿಂದ ಮೊದಲು ಒಂದೇ ವಿಷಯ ಆರಿಸಿರಿ. ಟಿಪ್ಪಣಿಗೊಂದು ಪುಸ್ತಕವಿರಲಿ. ಮಗ್ರಿಬ್ ನಮಾಝಿನಿಂದ ಇಶಾದವರೆಗೆ ಮನೆಯ ಮೊಬೈಲನ್ನು ಮಗಳ ಕೈಗೆ ಬಿಟ್ಟುಕೊಡಿರಿ, ನಡುವೆ ಕರೆ ಬಂದರೂ ಕೇಳಬೇಡಿರಿ.