ರೋಗ, ಔಷಧಿ ಮತ್ತು ತಾಯ್ತನದ ಹಂಬಲ

ಸಂತಾನವು ಅಲ್ಲಾಹನ ಕೊಡುಗೆ. ಅದನ್ನು ಬಯಸುವುದು ಮಾನವ ಸಹಜ. ಮುಪ್ಪಿನಲ್ಲೂ ಸಂತಾನಕ್ಕಾಗಿ ಪ್ರಾರ್ಥಿಸಿದ ಪ್ರವಾದಿ ಝಕರಿಯ್ಯಾ(ಅ)ರನ್ನು ಪವಿತ್ರ ಕುರ್‌ಆನ್ ಆದರದಿಂದ ಸ್ಮರಿಸುತ್ತದೆ. ಗಂಡು ಕೊಡುವವನೂ ಹೆಣ್ಣು ಕೊಡುವವನೂ ಸಂತಾನವಿಲ್ಲದಂತೆ ಮಾಡುವವನೂ ಅಲ್ಲಾಹನೇ ಎಂದು ಅಶ್ಶೂರಾ ಅಧ್ಯಾಯದ 49 ಮತ್ತು 50ನೆಯ ಸೂಕ್ತಗಳು ಕಲಿಸುತ್ತವೆ. ಹಾಗಿರುವಾಗ ಮಡಿಲು ತುಂಬದ ಸೊಸೆಯನ್ನು ದೂರುವ ಹಕ್ಕು ಯಾರಿಗಿದೆ?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ದೀರ್ಘಕಾಲಿಕ ರಕ್ತ ಕ್ಯಾನ್ಸರ್ ಇರುವ ಯುವತಿಯರನ್ನು. ನಿತ್ಯ ಒಂದು ಮಾತ್ರೆ ನುಂಗುತ್ತ ಅವರು ಎಲ್ಲರಂತೆ ಮನೆಗೆಲಸ ಮಾಡುತ್ತಾರೆ, ನಮಾಝ್ ಮಾಡುತ್ತಾರೆ, ನಗುತ್ತಾರೆ. ಮದುವೆಯಾಗಿ ವರ್ಷ ಕಳೆಯುವಷ್ಟರಲ್ಲಿ ‘ಇನ್ನೂ ವಿಶೇಷ ಇಲ್ಲವೇ?’ ಎಂಬ ಮಾತು ಶುರುವಾಗುತ್ತದೆ. ಆ ಮಾತಿಗೆ ಹೆದರಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವವರಿದ್ದಾರೆ. ಇದು ಪ್ರಾಣಕ್ಕೇ ಅಪಾಯ.

ರೋಗದ ಪರಿಚಯ

ಈ ರೋಗದ ಮುಖ್ಯ ವಿಧವನ್ನು ವೈದ್ಯರು ಸಿಎಂಎಲ್ ಎನ್ನುತ್ತಾರೆ. ಸಿಎಲ್‌ಎಲ್ ಎಂಬ ಇನ್ನೊಂದು ವಿಧ ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣಿಸುತ್ತದೆ. ನಮ್ಮ ದೇಶದಲ್ಲಿ ಸಿಎಂಎಲ್ ಪಾಶ್ಚಾತ್ಯರಿಗಿಂತ ಕಿರಿಯ ವಯಸ್ಸಿನಲ್ಲೇ ಬರುವುದರಿಂದ ಸಂತಾನದ ಪ್ರಶ್ನೆ ಇಲ್ಲಿ ಹೆಚ್ಚು ಏಳುತ್ತದೆ. ಮಜ್ಜೆಯ ಒಂದು ಕಣದಲ್ಲಿ 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಣುಕುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಅದರಿಂದ ಹುಟ್ಟುವ ದೋಷಯುಕ್ತ ಪ್ರೋಟೀನು ಬಿಳಿ ರಕ್ತಕಣಗಳನ್ನು ಮಿತಿಮೀರಿ ಬೆಳೆಸುತ್ತದೆ. ಈ ಬದಲಾವಣೆ ರಕ್ತದ ಕಣಗಳಲ್ಲಿ ಮಾತ್ರ, ಅದೂ ಹುಟ್ಟಿದ ನಂತರ ಆಗುವಂಥದ್ದು. ಆದ್ದರಿಂದ ಇದು ತಾಯಿಯಿಂದ ಮಗುವಿಗೆ ಇಳಿಯುವ ವಂಶದ ರೋಗವಲ್ಲ. ‘ಅವಳ ರಕ್ತ ಕೆಟ್ಟಿದೆ, ಮಕ್ಕಳಿಗೂ ಬರುತ್ತದೆ’ ಎಂದು ಹೇಳುವುದು ಸುಳ್ಳು ಹರಡುವುದಾಗುತ್ತದೆ.

2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮಾಟಿನಿಬ್ ಮಾತ್ರೆ ಈ ರೋಗಿಗಳ ಬದುಕನ್ನೇ ಬದಲಿಸಿತು. ಕಂಪೆನಿಯ ಮಾತ್ರೆಗೆ ತಿಂಗಳಿಗೆ 1 ಲಕ್ಷ ರೂಪಾಯಿಗೂ ಮಿಕ್ಕಿ ಖರ್ಚಾಗುತ್ತಿದ್ದಾಗ ಭಾರತದಲ್ಲೇ ತಯಾರಾದ ಅದೇ ಔಷಧಿ ಅದರ ಒಂದು ಸಣ್ಣ ಪಾಲಿಗೆ ದೊರೆಯುತ್ತಿತ್ತು. 2013ರ ಎಪ್ರಿಲ್ 1ರಂದು ಸುಪ್ರೀಮ್ ಕೋರ್ಟು ನೊವಾರ್ಟಿಸ್ ಕಂಪೆನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ್ದರಿಂದ ಬಡವರ ಆ ದಾರಿ ತೆರೆದೇ ಉಳಿಯಿತು.

ಗರ್ಭವನ್ನು ಮುಂದೂಡಬಹುದೇ?

ಔಷಧಿ ಮಾಡಬೇಕೇ ಎಂದು ಮರುಭೂಮಿಯ ಅರಬರು ಕೇಳಿದಾಗ ಪ್ರವಾದಿವರ್ಯರು(ಸ) ಮಾಡುವಂತೆಯೇ ಹೇಳಿದರು. ಕುರ್‌ಆನ್ ಅವತೀರ್ಣಗೊಳ್ಳುತ್ತಿದ್ದ ಕಾಲದಲ್ಲೇ ಸಹಾಬಿಗಳು ‘ಅಝ್‌ಲ್’ ಮಾಡುತ್ತಿದ್ದರೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಇದರ ಆಧಾರದಲ್ಲಿ ದಂಪತಿಗಳು ಪರಸ್ಪರ ಒಪ್ಪಿ ತಾತ್ಕಾಲಿಕವಾಗಿ ಗರ್ಭವನ್ನು ಮುಂದೂಡುವುದನ್ನು ಬಹುಪಾಲು ವಿದ್ವಾಂಸರು ಅನುಮತಿಸಿದ್ದಾರೆ. ತಾಯಿಯ ಪ್ರಾಣದ ಪ್ರಶ್ನೆ ಇರುವಲ್ಲಿ ಈ ಅನುಮತಿಗೆ ಇನ್ನಷ್ಟು ಬಲವಿದೆ.

ಮುಂದೂಡಲು ಕಾರಣವೂ ಇದೆ. ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಮೊದಲ 3 ತಿಂಗಳಲ್ಲಿ ಈ ಮಾತ್ರೆಗಳು ಹಾನಿಕರ. ಇಮಾಟಿನಿಬ್ ಸೇವಿಸುತ್ತಿದ್ದಾಗ ಗರ್ಭಿಣಿಯರಾದ 125 ಮಹಿಳೆಯರ ವಿವರ 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿ ಆರೋಗ್ಯವಂತ ಮಕ್ಕಳನ್ನು ಹೆತ್ತರು. 12 ಶಿಶುಗಳಲ್ಲಿ ಅಂಗದೋಷ ಕಂಡುಬಂತು. ಹಲವರು ಗರ್ಭ ತೆಗೆಸಿದರು, ಕೆಲವರಿಗೆ ಅದು ತಾನಾಗಿ ಇಳಿಯಿತು. ಆದ್ದರಿಂದ ಮಾತ್ರೆ ಸೇವಿಸುತ್ತಿದ್ದಾಗಲೇ ಗರ್ಭ ನಿಂತಿತೆಂದು ತಿಳಿದರೆ ಗಾಬರಿಯಾಗದೆ ಅಂದೇ ವೈದ್ಯರನ್ನು ಕಾಣಬೇಕು. ಎಲ್ಲ ಶಿಶುಗಳಿಗೂ ತೊಂದರೆಯಾಗುವುದಿಲ್ಲ. ಗರ್ಭಪಾತದ ಮಾತು ಬಂದರೆ ವೈದ್ಯರೊಂದಿಗೆ ನಂಬಿಕೆಯ ಆಲಿಮರನ್ನೂ ವಿಚಾರಿಸಬೇಕು. 120 ದಿನ ಕಳೆದ ನಂತರ ತಾಯಿಯ ಪ್ರಾಣ ಉಳಿಸಲು ಮಾತ್ರ ಅದಕ್ಕೆ ಅನುಮತಿ ಎಂಬುದು ವಿದ್ವಾಂಸರ ನಿಲುವು.

ಯೋಜನೆಯ ದಾರಿ

ಮೊದಲ ಹೆಜ್ಜೆ ರೋಗವನ್ನು ಹತೋಟಿಗೆ ತರುವುದು. ಪಿಸಿಆರ್ ಎಂಬ ರಕ್ತಪರೀಕ್ಷೆಯಲ್ಲಿ ರೋಗದ ಸುಳಿವು ಅತ್ಯಲ್ಪವಾಗಬೇಕು. ಕನಿಷ್ಠ 2 ವರ್ಷ ಹಾಗೆಯೇ ಉಳಿದರೆ ಒಳ್ಳೆಯದು. ಆಗ ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ಗರ್ಭಕ್ಕೆ ಪ್ರಯತ್ನಿಸಬಹುದು. ಫ್ರಾನ್ಸಿನಲ್ಲಿ ಹೀಗೆ ಮಾತ್ರೆ ನಿಲ್ಲಿಸಿದ 100 ರೋಗಿಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸುಮಾರು 40 ಶೇಕಡಾ ಮಂದಿಗೆ ರೋಗ ಮರಳಲಿಲ್ಲ. ಮರಳಿದವರಲ್ಲಿ ಹೆಚ್ಚಿನವರು ಮಾತ್ರೆ ಮತ್ತೆ ಆರಂಭಿಸಿ ಹತೋಟಿಗೆ ಬಂದರು. ಗರ್ಭಾವಸ್ಥೆಯಲ್ಲಿ ಆಗಾಗ ರಕ್ತಪರೀಕ್ಷೆ ಬೇಕು. ರೋಗ ಹೆಚ್ಚಿದರೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡಬಹುದು, ಅಥವಾ ಯಂತ್ರದಿಂದ ಬಿಳಿ ಕಣಗಳನ್ನು ಬೇರ್ಪಡಿಸಬಹುದು.

ಮೈಸೂರಿನವರು ರಕ್ತದ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೂ ಹೆರಿಗೆಗೆ ಇಲ್ಲಿನ ಚೆಲುವಾಂಬ ಆಸ್ಪತ್ರೆಗೂ ಹೋಗುವುದುಂಟು. ಎರಡೂ ಕಡೆಯ ವೈದ್ಯರು ಒಂದೇ ಕಡತವನ್ನು ನೋಡುವಂತೆ ಮಾಡುವುದು ಗಂಡನ ಹೊಣೆ.

ಸಹಜವಾಗಿ ಗರ್ಭ ನಿಲ್ಲದಿದ್ದರೆ ಪ್ರಯೋಗಾಲಯದ ನೆರವು ಪಡೆಯಬಹುದೇ? ಗಂಡನ ವೀರ್ಯ ಮತ್ತು ಹೆಂಡತಿಯ ಅಂಡಾಣುಗಳಿಂದ, ವಿವಾಹ ಸಂಬಂಧ ಇರುವಾಗ ಮಾಡುವ ಚಿಕಿತ್ಸೆಯನ್ನು 1980ರಲ್ಲಿ ಅಝ್‌ಹರ್‌ನ ಫತ್ವಾ ಅನುಮತಿಸಿತು. ಪರರ ವೀರ್ಯ, ಪರರ ಅಂಡಾಣು ಅಥವಾ ಬಾಡಿಗೆಯ ಗರ್ಭಕ್ಕೆ ಸುನ್ನೀ ವಿದ್ವಾಂಸರು ಸಮ್ಮತಿಸುವುದಿಲ್ಲ. ಭ್ರೂಣವನ್ನು ಶೀತಲೀಕರಿಸಿ ಇಟ್ಟರೂ ವಿಚ್ಛೇದನ ಅಥವಾ ಗಂಡನ ಮರಣದ ನಂತರ ಅದನ್ನು ಬಳಸುವಂತಿಲ್ಲ.

ಹಾಲೂಡಿಸುವ ಪ್ರಶ್ನೆ

ಈ ಮಾತ್ರೆಗಳು ಎದೆಹಾಲಿಗೂ ಸೇರುತ್ತವೆ. ಹೆರಿಗೆಯ ನಂತರ ಮಾತ್ರೆ ಆರಂಭಿಸಿದ ತಾಯಿ ಹಾಲೂಡಿಸಬಾರದು. ಇದನ್ನು ಕೊರತೆಯೆಂದು ಭಾವಿಸಬೇಕಿಲ್ಲ. ಅಲ್‌ಬಕರ ಅಧ್ಯಾಯದ 233ನೆಯ ಸೂಕ್ತವನ್ನು ಗಮನಿಸಿರಿ. ಎರಡು ವರ್ಷ ಹಾಲೂಡಿಸುವುದನ್ನು ತಿಳಿಸುವ ಅದೇ ಸೂಕ್ತವು ಮಗುವಿನ ಕಾರಣದಿಂದ ತಾಯಿಗೆ ಹಾನಿಯಾಗಬಾರದೆಂದೂ, ತಂದೆತಾಯಿ ಪರಸ್ಪರ ಒಪ್ಪಿ ಸಮಾಲೋಚಿಸಿ ಹಾಲು ಬಿಡಿಸಿದರೆ ತಪ್ಪಿಲ್ಲವೆಂದೂ, ಬೇರೊಬ್ಬರಿಂದ ಹಾಲೂಡಿಸಬಹುದೆಂದೂ ಕಲಿಸುತ್ತದೆ. ನೆಂಟರಲ್ಲೊಬ್ಬಳು ಹಾಲೂಡಿಸಿದರೆ ಅದನ್ನು ಬರೆದಿಡಿರಿ. ಹಾಲಿನ ಸಂಬಂಧದಿಂದ ಒಡಹುಟ್ಟಿದವರಾದವರ ನಡುವೆ ವಿವಾಹ ನಿಷಿದ್ಧ.

ಕುಟುಂಬದ ಹೊಣೆ

‘ಸಮಾಲೋಚನೆ’ ಎಂಬ ಆ ಸೂಕ್ತದ ಮಾತು ಇಡೀ ವಿಷಯಕ್ಕೇ ಅನ್ವಯಿಸುತ್ತದೆ. ಮದುವೆಗೆ ಮೊದಲು ರೋಗವನ್ನು ಮುಚ್ಚಿಡುವುದು ಮೋಸ. ತಿಳಿದು ಒಪ್ಪಿದ ಮೇಲೆ ಅದನ್ನೇ ಎತ್ತಿ ಹಂಗಿಸುವುದು ಅನ್ಯಾಯ. ಅತ್ತೆಯವರು ಸೊಸೆಯನ್ನು ‘ವಿಶೇಷ’ ಕೇಳುವ ಬದಲು ಮಾತ್ರೆ ನುಂಗಿದೆಯಾ ಮಗಳೇ ಎಂದು ಕೇಳಲಿ. ಗಂಡ ಪ್ರತಿ ಪರೀಕ್ಷೆಗೂ ಜೊತೆಗೆ ಹೋಗಲಿ. ಪ್ರಯಾಣಕ್ಕೂ ಪರೀಕ್ಷೆಗೂ ಹಣವಿಲ್ಲದ ಬಡ ರೋಗಿಗಳು ಝಕಾತಿನ ಹಕ್ಕುದಾರರು; ಜಮಾಅತ್‌ಗಳು ಅವರನ್ನು ಹುಡುಕಿ ತಲುಪಲಿ.

ಮಗು ಆಗದಿದ್ದರೂ ಆ ಹೆಣ್ಣು ಪೂರ್ಣ ಪತ್ನಿಯೇ, ಪೂರ್ಣ ಸತ್ಯವಿಶ್ವಾಸಿನಿಯೇ. ಪ್ರವಾದಿವರ್ಯರ(ಸ) ಪ್ರಿಯ ಪತ್ನಿ ಆಯಿಶಾ(ರ) ಮಕ್ಕಳನ್ನು ಹೆರಲಿಲ್ಲ. ಆದರೂ ಇಡೀ ಸಮುದಾಯ ಅವರನ್ನು ತಾಯಿ ಎಂದೇ ಕರೆಯುತ್ತದೆ.