‘ಡುಮ್ಮಿ’ ಎಂಬುದು ಹೆಸರಲ್ಲ

ಯಲಹಂಕದ ಪುಟ್ಟೇನಹಳ್ಳಿಯ ಹೆಸರು ಹೇಳುವಾಗಲೇ ‘ಪುಟ್ಟ’ ಎಂಬ ಮಾತು ಕಿವಿಗೆ ಬೀಳುತ್ತದೆ. ಗಾತ್ರ ಹೇಳುವ ಪದಗಳನ್ನೇ ಅಕ್ಕರೆಯ ಹೆಸರಾಗಿಸಿದ ಭಾಷೆ ನಮ್ಮದು. ಪುಟ್ಟಮ್ಮ, ಚಿಕ್ಕಣ್ಣ, ಸಣ್ಣಪ್ಪ, ದೊಡ್ಡಯ್ಯ, ಗುಂಡಪ್ಪ ಇವೆಲ್ಲ ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರುಗಳು. ಅದೇ ಭಾಷೆಯಲ್ಲಿ ಡುಮ್ಮಿ, ದಡಿಯ, ಕುಳ್ಳ, ಕಡ್ಡಿ ಪೈಲ್ವಾನ್ ಎಂಬ ಮಾತುಗಳೂ ಇವೆ. ಇವನ್ನು ಹೆತ್ತವರು ಇಟ್ಟಿದ್ದಲ್ಲ, ಬೇರೆಯವರು ಅಂಟಿಸಿದ್ದು. ದೀಕ್ಷಾಸ್ನಾನದಲ್ಲಿ ಮಗುವಿಗೆ ಕೊಟ್ಟ ಹೆಸರನ್ನು ಈ ಅಡ್ಡಹೆಸರು ನುಂಗಿಬಿಡುತ್ತದೆ.

ತಮಾಷೆಯ ಬೆಲೆ

ಮದುವೆ ಮನೆಯಲ್ಲಿ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, “ಏನಮ್ಮ, ಇಷ್ಟು ದಪ್ಪ ಆಗಿದ್ದೀಯ?” ಎಂದು ಕೇಳುವುದೇ ಕುಶಲ ವಿಚಾರಿಸುವ ರೀತಿಯಾಗಿಬಿಟ್ಟಿದೆ. ಕೇಳಿದವರು ಮರೆಯುತ್ತಾರೆ, ಕೇಳಿಸಿಕೊಂಡವಳು ಮರೆಯುವುದಿಲ್ಲ. ಅವಳು ಫೋಟೋದಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾಳೆ, ಶಾಲೆಯ ನೃತ್ಯಕ್ಕೆ ಹೆಸರು ಕೊಡುವುದಿಲ್ಲ, ಊಟದ ಪಂಕ್ತಿಯಲ್ಲಿ ಎರಡನೆಯ ಸಲ ಬಡಿಸಲು ಬಂದವರಿಗೆ ಹೆದರುತ್ತಾಳೆ.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಆಕೆಗೆ 21 ವರ್ಷ. ಆ ಮಗಳ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ನಮ್ಮ ಕೆಲಸವಲ್ಲ. ಆದರೆ ತೆಳ್ಳಗಿದ್ದರೆ ಮಾತ್ರ ಚೆಂದ ಎಂದು ತೆರೆ, ಬೀದಿ, ಮನೆ ಎಲ್ಲವೂ ಒಂದೇ ಸ್ವರದಲ್ಲಿ ಹೇಳುತ್ತಿರುವಾಗ, ನಮ್ಮ ಮಕ್ಕಳಿಗೆ ಬೇರೆ ಮಾತನ್ನು ಯಾರು ಹೇಳಬೇಕು?

ತಾನೇ ಆರಿಸಿಕೊಂಡ ಹೆಸರು

“ದ್ವಾರಕೀಶರೇ ತಮ್ಮನ್ನು ಕುಳ್ಳ ಎಂದುಕೊಳ್ಳಲಿಲ್ಲವೇ?” ಎಂದು ಕೆಲವರು ಕೇಳಬಹುದು. ನಿಜ. 1942ರಲ್ಲಿ ಹುಣಸೂರಿನಲ್ಲಿ ಹುಟ್ಟಿ 2024ರಲ್ಲಿ ನಿಧನರಾದ ಈ ನಟ, ನಿರ್ಮಾಪಕರು ಆ ಪದವನ್ನು ಧೈರ್ಯದಿಂದ ತಮ್ಮದಾಗಿಸಿಕೊಂಡರು. ‘ಕುಳ್ಳ ಏಜೆಂಟ್ 000’ (1972), ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ (1978), ‘ಪ್ರಚಂಡ ಕುಳ್ಳ’ (1984) ಚಿತ್ರಗಳ ಹೆಸರಿನಲ್ಲೇ ಅದು ಇದೆ. ಹಂಗಿಸುವ ಪದವನ್ನೇ ಅವರು ಪೋಸ್ಟರಿಗೆ ಏರಿಸಿದರು. ಆದರೆ ಆ ಆಯ್ಕೆ ಅವರದು. ಧರ್ಮೋಪದೇಶದ ತರಗತಿಯಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗನಿಗೆ ಆ ಆಯ್ಕೆಯನ್ನು ಯಾರೂ ಕೊಟ್ಟಿಲ್ಲ. ತನ್ನನ್ನು ನೋಡಿ ತಾನು ನಗುವುದು ಬೇರೆ, ಇನ್ನೊಬ್ಬರನ್ನು ನಗೆಪಾಟಲು ಮಾಡುವುದು ಬೇರೆ.

ಆರೋಗ್ಯದ ಮಾತು

“ಅವರ ಒಳ್ಳೆಯದಕ್ಕೇ ಹೇಳುತ್ತೇವೆ” ಎನ್ನುವವರೂ ಇದ್ದಾರೆ. ತೂಕ ಹೆಚ್ಚಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಬರುವ ಸಂಭವ ಹೆಚ್ಚು ಎಂಬುದು ಸತ್ಯ. ಆದರೆ ಗಾತ್ರಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ವಂಶ, ಥೈರಾಯ್ಡ್ ತೊಂದರೆ, ಕೆಲವು ಔಷಧಿಗಳು, ಹೆರಿಗೆ, ನಿದ್ದೆಗೇಡು ಎಲ್ಲಕ್ಕೂ ಅದರಲ್ಲಿ ಪಾಲಿದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ‘ಬಿಎಂಐ’ ಲೆಕ್ಕವನ್ನು 19ನೇ ಶತಮಾನದಲ್ಲಿ ರೂಪಿಸಿದ ಬೆಲ್ಜಿಯಂನ ಕೆಟ್ಲೆ ವೈದ್ಯರಲ್ಲ, ಜನಸಮೂಹದ ಸರಾಸರಿಯನ್ನು ಅಧ್ಯಯನ ಮಾಡಿದ ಗಣಿತಜ್ಞರು. ಆ ಒಂದು ಅಂಕಿಯಿಂದಲೇ ವ್ಯಕ್ತಿಯ ಆರೋಗ್ಯವನ್ನು ನಿರ್ಧರಿಸಬಾರದೆಂದು 2025ರಲ್ಲಿ ತಜ್ಞರ ಅಂತರರಾಷ್ಟ್ರೀಯ ಆಯೋಗವೊಂದು ಹೇಳಿತು. ಅಂಕಿಯೇ ಸಾಲದೆಂದ ಮೇಲೆ ಅಂಗಳದಲ್ಲಿ ನಿಂತು ನೋಡುವ ನಮ್ಮ ಕಣ್ಣಳತೆ ಸಾಲುತ್ತದೆಯೇ? ಪರೀಕ್ಷೆ ವೈದ್ಯರಿಗಿರಲಿ. ನಮ್ಮ ಪಾಲಿಗೆ ಬರುವುದು ಜೊತೆಯಲ್ಲಿ ನಡೆಯುವುದು, ಜೊತೆಯಲ್ಲಿ ಒಳ್ಳೆಯದನ್ನು ಉಣ್ಣುವುದು. ಅವಮಾನ ಯಾವ ಕಾಯಿಲೆಗೂ ಮದ್ದಲ್ಲ.

ಮರದ ಮೇಲಿದ್ದ ಗಿಡ್ಡ ಮನುಷ್ಯ

ಸಂತ ಲೂಕನ ಶುಭಸಂದೇಶದ 19ನೇ ಅಧ್ಯಾಯದ ಜಕ್ಕಾಯ ಗಿಡ್ಡನಾಗಿದ್ದ. ಗುಂಪು ದಾರಿ ಬಿಡದಿದ್ದಾಗ ಮರ ಹತ್ತಿದ. ಜನರಿಗೆ ಕಂಡದ್ದು ಒಬ್ಬ ಸುಂಕದವ, ಒಬ್ಬ ಪಾಪಿ. ಯೇಸುಸ್ವಾಮಿ ತಲೆಯೆತ್ತಿ ನೋಡಿ ಮೊದಲು ಕರೆದದ್ದು ಅವನ ಹೆಸರನ್ನು. ಆಮೇಲೆ ಅವನ ಮನೆಗೇ ಹೋದರು. ಆ ಮನುಷ್ಯ ಬದಲಾದದ್ದು ಹಂಗಿಸಿದ್ದರಿಂದಲ್ಲ, ಹೆಸರು ಹಿಡಿದು ಕರೆದು ಅವನ ಮನೆಗೆ ಬಂದದ್ದರಿಂದ.

ತನ್ನ ಮೈಯನ್ನು ಒಪ್ಪಿಕೊಳ್ಳುವುದೆಂದರೆ ಅದನ್ನು ಕಡೆಗಣಿಸುವುದಲ್ಲ. ಬಸ್ಸಿಗೆ ಓಡುವ ಕಾಲು, ಅಡುಗೆ ಮಾಡುವ ಕೈ, ಮಗುವನ್ನು ಹೊತ್ತ ಒಡಲು ದೇವರ ಕೊಡುಗೆ ಎಂದು ನಂಬಿದವರು ಅದನ್ನು ದಂಡಿಸುವುದಿಲ್ಲ, ಜೋಪಾನ ಮಾಡುತ್ತಾರೆ.

ಮನೆಯಲ್ಲಿ ಹೀಗೆ ಮಾಡೋಣ

1. ಗಾತ್ರ, ಬಣ್ಣ, ಎತ್ತರ ಹಿಡಿದು ಯಾರನ್ನೂ ಕರೆಯದಿರೋಣ. ಅಣ್ಣ-ತಂಗಿಯರ ಜಗಳದಲ್ಲೂ ಅದಕ್ಕೆ ರಿಯಾಯಿತಿ ಬೇಡ.

2. ಮಕ್ಕಳ ಎದುರು ನಮ್ಮ ಮೈಯನ್ನು ನಾವೇ ಹಳಿಯದಿರೋಣ. ಅವರು ಕಲಿಯುವುದು ನಮ್ಮಿಂದಲೇ.

3. ಬಹಳ ದಿನಗಳ ನಂತರ ಸಿಕ್ಕವರನ್ನು “ಹೇಗಿದ್ದೀರಿ?” ಎಂದು ಕೇಳೋಣ, ಅಷ್ಟು ಸಾಕು.

4. ಮಗು ಊಟ ಬಿಟ್ಟರೆ, ಶಾಲೆಗೆ ಹೋಗಲು ಹಿಂಜರಿದರೆ, ಗದರುವ ಮೊದಲು “ಯಾರು ಏನೆಂದರು?” ಎಂದು ವಿಚಾರಿಸೋಣ.

ಕುಟುಂಬದಲ್ಲಿ ಚರ್ಚಿಸಲು

ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ ಅಡ್ಡಹೆಸರಿನಿಂದಲೇ ಪರಿಚಿತರಾದವರು ಯಾರಿದ್ದಾರೆ? ಅವರ ನಿಜವಾದ ಹೆಸರು ನಮಗೆ ಗೊತ್ತೇ? ಈ ಭಾನುವಾರ ಅವರನ್ನು ಆ ಹೆಸರಿನಿಂದ ಕರೆಯಬಹುದೇ?